ನೀರನ್ನು ಮುಟ್ಟದೆ ಅಳೆಯುವುದು: ಸ್ಮಾರ್ಟ್ ಬಾಟಲಿಗೆ ಸೆನ್ಸರ್ ಆಯ್ಕೆ

ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಉತ್ತರಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇಲ್ಲಿರುವವರಲ್ಲಿ ಬಹಳ ಮಂದಿ ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಸ್ಮಾರ್ಟ್ ಬಾಟಲಿ ಮಾಡುತ್ತಿದ್ದೀರಿ ಎಂದು ಸಂಘಟಕರು ಹೇಳಿದರು. ಎಷ್ಟು ನೀರು ಕುಡಿದಿರಿ ಎಂದು ಮೊಬೈಲಿಗೆ ತಿಳಿಸುವ, ಮರೆತರೆ ನೆನಪಿಸುವ ಬಾಟಲಿ. ಅದು ಆಟಿಕೆಯಲ್ಲ. ಮೂತ್ರಪಿಂಡದಲ್ಲಿ ಕಲ್ಲಾದವರು ದಿನಕ್ಕೆ ಕನಿಷ್ಠ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ದ್ರವ ಕುಡಿಯಬೇಕೆಂದು ಅಮೆರಿಕದ ಮೂತ್ರರೋಗ ತಜ್ಞರ ಸಂಘದ ಮಾರ್ಗಸೂಚಿ ಹೇಳುತ್ತದೆ. ದಿನವಿಡೀ ಎಷ್ಟು ಕುಡಿದೆವು ಎಂಬ ಲೆಕ್ಕ ಯಾರ ತಲೆಯಲ್ಲೂ ನಿಲ್ಲುವುದಿಲ್ಲ. ಅದನ್ನು ಬಾಟಲಿಯೇ ಇಟ್ಟುಕೊಂಡರೆ ರೋಗಿಗೂ ವೈದ್ಯರಿಗೂ ಅನುಕೂಲ.

ಇಂಥ ಪ್ರಾಜೆಕ್ಟ್ ವರದಿಗಳಲ್ಲಿ ಸೆನ್ಸರ್ ಆಯ್ಕೆಗೆ ಒಂದು ಕೋಷ್ಟಕ ಇದ್ದೇ ಇರುತ್ತದೆ. ನಿಖರತೆ ಎಷ್ಟು, ಬೆಲೆ ಎಷ್ಟು, ಎಷ್ಟು ವಿದ್ಯುತ್ ಬೇಕು, ಆರ್ಡುಯಿನೋ ಎಂಬ ಸಣ್ಣ ನಿಯಂತ್ರಕ ಹಲಗೆಗೆ ಲೈಬ್ರರಿ, ಅಂದರೆ ಸಿದ್ಧ ಕೋಡ್ ಸಿಗುತ್ತದೆಯೇ ಎಂದೆಲ್ಲ ಅದರಲ್ಲಿ ಬರೆದಿರುತ್ತಾರೆ. ಒಂದು ಕಾಲಂ ಮಾತ್ರ ನನಗೆ ಎಲ್ಲೂ ಕಾಣುವುದಿಲ್ಲ: ಈ ಸೆನ್ಸರಿನಿಂದ ನೀರಿಗೆ ಏನು ಸೇರುತ್ತದೆ? ಇವತ್ತಿನ ನನ್ನ ಮಾತೆಲ್ಲ ಆ ಒಂದು ಕಾಲಂ ಬಗ್ಗೆ.

‘ವಾಟರ್‌ಪ್ರೂಫ್’ ಎಂದು ಬರೆದಿರುವುದನ್ನು ನೋಡಿ ಸಮಾಧಾನಪಟ್ಟುಕೊಳ್ಳುವವರೇ ಹೆಚ್ಚು. ಐಪಿ67 ಎಂದಿದ್ದರೆ ಆ ವಸ್ತುವನ್ನು ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೂ ಕೆಡುವಷ್ಟು ನೀರು ಒಳಗೆ ಹೋಗುವುದಿಲ್ಲ ಎಂದು ಅರ್ಥ. ಅಲ್ಲಿ ರಕ್ಷಣೆ ಸಿಗುವುದು ಸೆನ್ಸರಿಗೆ. ಅದು ಮುಳುಗಿದ್ದ ನೀರನ್ನು ಕುಡಿಯಬಹುದೇ ಎಂದು ಆ ಪರೀಕ್ಷೆಯಲ್ಲಿ ಯಾರೂ ನೋಡುವುದಿಲ್ಲ. ಹೊರಗಿನ ಬಣ್ಣ, ಕೇಬಲ್ಲಿನ ಪಿವಿಸಿ, ಮೂಲೆಗೆ ತುಂಬಿದ ಅಂಟು ಇವುಗಳಿಂದ ಏನು ಬಿಟ್ಟುಕೊಂಡಿತು ಎಂಬ ಪ್ರಶ್ನೆಯೇ ಅಲ್ಲಿ ಇಲ್ಲ. ‘ರೋಸ್’ ಪ್ರಮಾಣದ ಕಥೆಯೂ ಹೀಗೆಯೇ. ಅದು ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ ಅಪಾಯಕಾರಿ ವಸ್ತುಗಳನ್ನು ಮಿತಿಗೊಳಿಸುವ ಐರೋಪ್ಯ ನಿಯಮ. ಅದರ ಪ್ರಕಾರ ಬಿಡಿಭಾಗದ ಪ್ರತಿಯೊಂದು ವಸ್ತುವಿನಲ್ಲಿ ಸೀಸ ಶೇ 0.1ರ ಒಳಗಿರಬೇಕು, ಕೆಲವು ವಿನಾಯಿತಿಗಳೂ ಇವೆ. ಎಸೆದ ಉಪಕರಣ ಮಣ್ಣನ್ನು ಕೆಡಿಸದಿರಲಿ ಎಂಬುದು ಅದರ ಮುಖ್ಯ ಕಾಳಜಿಗಳಲ್ಲಿ ಒಂದು. ಬಾಯಿಗೆ ಹೋಗುವ ನೀರಿಗೆ ಇರುವ ನಿಯಮಗಳೇ ಬೇರೆ.

ಈಗ ಒಂದು ಸೆನ್ಸರನ್ನು ಕೈಯಲ್ಲಿ ಹಿಡಿದು ನೋಡೋಣ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಯಾವ ಅಂಗಡಿಯಲ್ಲಿ ಕೇಳಿದರೂ ಸಿಗುವ ಕೆಂಪು ಬಣ್ಣದ ನೀರಿನ ಮಟ್ಟದ ಸೆನ್ಸರ್ ಇದು. ಒಂದು ಚಿಕ್ಕ ಹಲಗೆ, ಅದರ ಮೇಲೆ ಪಕ್ಕಪಕ್ಕದಲ್ಲಿ ತಾಮ್ರದ ಗೆರೆಗಳು, ಗೆರೆಗಳ ಮೇಲೆ ಬೆಳ್ಳಿಯಂತೆ ಹೊಳೆಯುವ ತೆಳು ಲೇಪ. ಒಂದು ಗೆರೆಗೆ 5 ವೋಲ್ಟ್ ಕೊಟ್ಟು, ಪಕ್ಕದ ಗೆರೆಗೆ ನೀರಿನ ಮೂಲಕ ಎಷ್ಟು ಕರೆಂಟ್ ಹರಿಯಿತು ಎಂದು ನೋಡುವುದು ಇದರ ಕೆಲಸ. ನೀರು ಮೇಲೇರಿದಂತೆ ಕರೆಂಟ್ ಹೆಚ್ಚು. ಬೆಲೆ ಅಗ್ಗ, ಕೋಡ್ ನಾಲ್ಕು ಸಾಲು. ಹಾಗಾಗಿ ಸ್ಮಾರ್ಟ್ ಬಾಟಲಿಯ ಪ್ರಾಜೆಕ್ಟುಗಳಿಗೆ ಮೊದಲು ಒಳಬರುವುದು ಇದೇ.

ನೀರಿನಲ್ಲಿ ಎರಡು ಲೋಹದ ಗೆರೆಗಳ ನಡುವೆ ಒಂದೇ ದಿಕ್ಕಿನ ಕರೆಂಟ್ ಹರಿಸುವುದಕ್ಕೆ ಪಿಯುಸಿ ರಸಾಯನಶಾಸ್ತ್ರದಲ್ಲಿ ವಿದ್ಯುದ್ವಿಭಜನೆ ಎಂದು ಓದಿದ್ದೀರಿ. ಧನಾತ್ಮಕ ಗೆರೆಯ ಲೋಹ ಕರಗಿ ಅಯಾನಾಗಿ ನೀರಿಗೆ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂದು ಫ್ಯಾರಡೆಯ ನಿಯಮದಿಂದ ಲೆಕ್ಕ ಹಾಕಬಹುದು. ಕರೆಂಟ್ ಬರಿ 1 ಮಿಲಿಆಂಪಿಯರ್, ಸಮಯ ಒಂದು ಗಂಟೆ ಎಂದಿಟ್ಟುಕೊಳ್ಳಿ. ಒಟ್ಟು ವಿದ್ಯುದಾವೇಶ 3.6 ಕೂಲಂಬ್. ತಾಮ್ರದ ಪರಮಾಣು ತೂಕ 63.5, ಪ್ರತಿ ಪರಮಾಣು ಕರಗುವಾಗ ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುತ್ತದೆ. ಗುಣಿಸಿ ಭಾಗಿಸಿದರೆ ಸುಮಾರು 1.2 ಮಿಲಿಗ್ರಾಂ ತಾಮ್ರ ಬರುತ್ತದೆ. ಅರ್ಧ ಲೀಟರ್ ಬಾಟಲಿಯಲ್ಲಿ ಅದು ಲೀಟರಿಗೆ 2.4 ಮಿಲಿಗ್ರಾಂ ಆಯಿತು. ಕುಡಿಯುವ ನೀರಿಗೆ ಇರುವ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ತಾಮ್ರದ ಅಪೇಕ್ಷಿತ ಮಿತಿ ಲೀಟರಿಗೆ 0.05 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದಾಗ ಮಾತ್ರ 1.5ರವರೆಗೆ ಒಪ್ಪಬಹುದು.

ತಾಮ್ರದ ಚೊಂಬಿನಲ್ಲಿ ನೀರಿಟ್ಟು ಕುಡಿಯುತ್ತೇವಲ್ಲ ಎಂದು ನೀವು ಕೇಳಬಹುದು. ಹಾಗಾದರೆ ತಾಮ್ರವನ್ನು ಬಿಡಿ, ಅದರ ಮೇಲಿನ ಹೊಳೆಯುವ ಲೇಪಕ್ಕೆ ಬನ್ನಿ. ಅದು ಬರಿ ತವರವೋ, ಸೀಸ ಬೆರೆತ ಬೆಸುಗೆಯೋ ಎಂದು ಅಗ್ಗದ ಹಲಗೆಗಳ ಮೇಲೆ ಯಾರೂ ಬರೆದಿರುವುದಿಲ್ಲ. ನಮ್ಮ ಲ್ಯಾಬುಗಳಲ್ಲಿ ಬಳಸುವ ಬೆಸುಗೆ ತಂತಿಯಲ್ಲೇ ನೂರಕ್ಕೆ 37ರಿಂದ 40 ಪಾಲು ಸೀಸ ಇರುತ್ತದೆ. ಸೀಸಕ್ಕೆ ಐಎಸ್ 10500 ಕೊಟ್ಟಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅದರಲ್ಲಿ ಯಾವ ಸಡಿಲಿಕೆಯೂ ಇಲ್ಲ. ಅರ್ಧ ಲೀಟರಿಗೆ 0.005 ಮಿಲಿಗ್ರಾಂ. ಅದೇ 1 ಮಿಲಿಆಂಪಿಯರ್ ಕರೆಂಟ್ ಪೂರ್ತಿಯಾಗಿ ಸೀಸವನ್ನೇ ಕರಗಿಸಿದರೆ ಆ ಮಿತಿ ತಲುಪಲು ಐದು ಸೆಕೆಂಡು ಕೂಡ ಬೇಡ. ನಿಜ ಸಂಗತಿಯಲ್ಲಿ ಕರೆಂಟಿನ ಒಂದು ಪಾಲು ಆಮ್ಲಜನಕದ ಗುಳ್ಳೆ ಎಬ್ಬಿಸಲು ಹೋಗುತ್ತದೆ, ಲೇಪದಲ್ಲಿ ತವರವೂ ಇರುತ್ತದೆ. ನೂರನೇ ಒಂದು ಪಾಲು ಮಾತ್ರ ಸೀಸಕ್ಕೆ ಹೋಯಿತು ಎಂದರೂ ಎಂಟು ನಿಮಿಷದೊಳಗೆ ಮಿತಿ ದಾಟುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಏನು ಮಾಡುತ್ತದೆ ಎಂಬುದು ಗೊತ್ತಿರುವ ಯಾರೂ ಈ ಲೆಕ್ಕವನ್ನು ಹಗುರವಾಗಿ ತೆಗೆದುಕೊಳ್ಳಲಾರರು. ಈ ಕೆಂಪು ಹಲಗೆ ಗಿಡದ ಕುಂಡಕ್ಕೆ, ಓವರ್‌ಹೆಡ್ ಟ್ಯಾಂಕಿನ ಮಾದರಿ ತೋರಿಸಲು ಇರಲಿ. ಕುಡಿಯುವ ಬಾಟಲಿಯೊಳಗೆ ಅದಕ್ಕೆ ಜಾಗವಿಲ್ಲ. ಪ್ರದರ್ಶನದ ದಿನ ಒಂದು ಗುಟುಕು ಕುಡಿದು ತೋರಿಸುವುದಕ್ಕೂ ಬೇಡ.

ಉಳಿದ ಕೆಲವನ್ನು ಬೇಗ ನೋಡಿಬಿಡೋಣ. ಹರಿವನ್ನು ಅಳೆಯುವ ವೈಎಫ್-ಎಸ್201 ಎಂಬ ಚಕ್ರದ ಸೆನ್ಸರ್ ನಿಮಿಷಕ್ಕೆ 1ರಿಂದ 30 ಲೀಟರ್ ಹರಿವಿಗೆ ಮಾಡಿದ್ದು. ನಿಧಾನವಾಗಿ ಗುಟುಕರಿಸುವಾಗ ಅದರ ಚಕ್ರ ಸರಿಯಾಗಿ ತಿರುಗುವುದೇ ಇಲ್ಲ. ಒಳಗಿನ ಸಂದುಗಳಲ್ಲಿ ನೀರು ನಿಂತು ಲೋಳೆ ಕಟ್ಟುತ್ತದೆ, ಬ್ರಷ್ ಹಾಕಿ ತೊಳೆಯಲೂ ಆಗುವುದಿಲ್ಲ. ಪಿಎಚ್, ಅಂದರೆ ನೀರಿನ ಹುಳಿ ಅಥವಾ ಕ್ಷಾರದ ಗುಣ ಅಳೆಯುವ ಗಾಜಿನ ಕಡ್ಡಿಯಂತೂ ಸೋರುವಂತೆಯೇ ಮಾಡಿದ ಸಾಧನ: ಒಳಗಿನ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಸಣ್ಣ ರಂಧ್ರದಿಂದ ಹೊರಗಿನ ನೀರಿನೊಂದಿಗೆ ಸಂಪರ್ಕದಲ್ಲಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಕೆಲವು ಹಳೆಯ ಮಾದರಿಗಳ ಒಳಗೆ ಕ್ಯಾಲೊಮೆಲ್ ಇರುತ್ತದೆ, ಅಂದರೆ ಪಾದರಸದ ಲವಣ. ತುದಿಯ ಗಾಜಿನ ಪೊರೆ ತೀರಾ ತೆಳು. ಚೀಲದಲ್ಲಿ ಕುಲುಕುವ ಬಾಟಲಿಗೆ ಅದನ್ನು ಹಾಕುವ ಯೋಚನೆಯನ್ನೇ ಬಿಟ್ಟುಬಿಡಿ. ಉಷ್ಣತೆಗೆ ಬಳಸುವ ಡಿಎಸ್18ಬಿ20ಯ ‘ವಾಟರ್‌ಪ್ರೂಫ್’ ರೂಪಕ್ಕೆ ಸ್ಟೀಲಿನ ಕೊಳವೆ ಇರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಅದು ಪಾತ್ರೆಗಳಿಗೆ ಬಳಸುವ 304 ದರ್ಜೆಯ ಸ್ಟೀಲೋ, ಇನ್ಯಾವುದೋ ಎಂದು ಕೊಳವೆಯ ಮೇಲೆ ನಮೂದಿಸಿರುವುದಿಲ್ಲ. ಕೊಳವೆ ಸರಿಯಾಗಿದ್ದರೂ ಅದರ ಬಾಯಿಗೆ ತುಂಬಿದ ಅಂಟು ಮತ್ತು ಕಪ್ಪು ಕೇಬಲ್ ನೀರಿನಲ್ಲೇ ಇರುತ್ತವೆ.

ಅಂಟಿನ ಮಾತು ಬಂದದ್ದರಿಂದ ಅಲ್ಲಿ ಸ್ವಲ್ಪ ನಿಲ್ಲುತ್ತೇನೆ. ಸೆನ್ಸರ್ ಚೆನ್ನಾಗಿಯೇ ಆಯ್ದುಕೊಂಡು, ಅದನ್ನು ಕೂರಿಸುವಾಗ ಎಡವುವುದು ಬಹಳ ಸಾಮಾನ್ಯ. ಎರಡು ಟ್ಯೂಬಿನ ಎಪಾಕ್ಸಿ ಅಂಟಿನ ಮೂಲವಸ್ತು ತಯಾರಾಗುವುದೇ ಸಾಮಾನ್ಯವಾಗಿ ಬಿಸ್ಫಿನಾಲ್-ಎ ಎಂಬ ರಾಸಾಯನಿಕದಿಂದ. ಅಳತೆ ತಪ್ಪಿ ಬೆರೆಸಿದರೆ ಗಟ್ಟಿಯಾಗದ ಭಾಗ ಹಾಗೆಯೇ ಉಳಿಯುತ್ತದೆ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಬಿಸ್ಫಿನಾಲ್-ಎ ಸೇವನೆಯ ದೈನಂದಿನ ಮಿತಿಯನ್ನು ಹಿಂದಿದ್ದಕ್ಕಿಂತ 20,000 ಪಟ್ಟು ಕೆಳಗಿಳಿಸಿತು. 2024ರ ಡಿಸೆಂಬರ್‌ನಲ್ಲಿ ಐರೋಪ್ಯ ಒಕ್ಕೂಟ, ಆಹಾರಕ್ಕೆ ತಾಗುವ ವಸ್ತುಗಳಲ್ಲಿ ಅದರ ಬಳಕೆಯನ್ನು ನಿಷೇಧಿಸುವ ನಿಯಮವನ್ನು ಅಂಗೀಕರಿಸಿತು. ಗಟ್ಟಿ ಪಾರದರ್ಶಕ ಪಾಲಿಕಾರ್ಬೊನೇಟ್ ಕೂಡ ಬಿಸ್ಫಿನಾಲ್-ಎಯಿಂದಲೇ ಆದದ್ದು. ಸೆನ್ಸರಿನ ಮುಂದೆ ಸಣ್ಣ ಕಿಟಕಿ ಇಡಬೇಕೆಂದು ಲ್ಯಾಬಿನಲ್ಲಿ ಬಿದ್ದಿರುವ ಪಾಲಿಕಾರ್ಬೊನೇಟ್ ಚೂರನ್ನು ಕತ್ತರಿಸಿ ಹಾಕಬೇಡಿ, ಗಾಜು ಹಾಕಿ.

ತ್ರೀಡಿ ಮುದ್ರಣದ ಮುಚ್ಚಳಕ್ಕೂ ಇದೇ ಎಚ್ಚರಿಕೆ. ಈ ಮುದ್ರಣಕ್ಕೆ ಬಳಸುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಜೋಳದಿಂದ ಬರುತ್ತದೆ, ಹಾಗಾಗಿ ಅಪಾಯವಿಲ್ಲ ಎನ್ನುವವರಿದ್ದಾರೆ. ಆದರೆ ಅದಕ್ಕೆ ಬೆರೆಸಿದ ಬಣ್ಣ ಯಾವುದು? ಮುದ್ರಕದ ಹಿತ್ತಾಳೆ ಮೂತಿಯಲ್ಲೂ ಬಹಳ ಸಲ ಸ್ವಲ್ಪ ಸೀಸ ಇರುತ್ತದೆ. ಪದರಗಳ ನಡುವಿನ ಗೀರುಗಳಲ್ಲಿ ಬ್ಯಾಕ್ಟೀರಿಯಾ ಕೂತರೆ ತೊಳೆದು ತೆಗೆಯುವುದು ಕಷ್ಟ. ರೆಸಿನ್ ಮುದ್ರಣವಾದರೆ ಪೂರ್ತಿ ಗಟ್ಟಿಯಾಗದ ಅಕ್ರಿಲೇಟುಗಳು ಉಳಿದಿರುತ್ತವೆ, ಅವು ಚರ್ಮಕ್ಕೇ ಒಳ್ಳೆಯವಲ್ಲ. ಮುದ್ರಿಸಿದ ಭಾಗಗಳು ಬಾಟಲಿಯ ಹೊರಗೆ ಮಾತ್ರ ಇರಲಿ.

ನಮ್ಮ ಜನ ಬಾಟಲಿಯಲ್ಲಿ ಬರಿ ನೀರು ಮಾತ್ರ ಒಯ್ಯುವುದಿಲ್ಲ ಎಂಬುದನ್ನೂ ಮರೆಯಬೇಡಿ. ಬೇಸಿಗೆಯಲ್ಲಿ ನಿಂಬೆ ಶರಬತ್ತು, ಮಜ್ಜಿಗೆ. ಮಳೆಗಾಲದಲ್ಲಿ ಕುದಿಸಿದ ಜೀರಿಗೆ ನೀರು. ಹುಳಿ ಲೋಹವನ್ನು ಬೇಗ ಕರಗಿಸುತ್ತದೆ, ಬಿಸಿ ದ್ರವ ಪ್ಲಾಸ್ಟಿಕ್ಕಿನಿಂದ ಹೆಚ್ಚು ವಸ್ತುಗಳನ್ನು ಸೆಳೆಯುತ್ತದೆ. ಆಹಾರಕ್ಕೆ ತಾಗುವ ಪ್ಲಾಸ್ಟಿಕ್ಕನ್ನು ಪರೀಕ್ಷಿಸುವಾಗ ಶೇ 3ರ ಅಸಿಟಿಕ್ ಆಮ್ಲದಲ್ಲಿ, ಅಂದರೆ ವಿನೆಗರಿನ ಹುಳಿಯಲ್ಲಿ ನೆನೆಹಾಕುವುದು ಇದೇ ಕಾರಣಕ್ಕೆ. ಭಾರತದ 2018ರ ಆಹಾರ ಪ್ಯಾಕೇಜಿಂಗ್ ನಿಯಮಗಳ ಪ್ರಕಾರ ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಸೇರುವ ಒಟ್ಟು ವಸ್ತು ಕಿಲೋಗ್ರಾಂಗೆ 60 ಮಿಲಿಗ್ರಾಂ, ಅಥವಾ ಪ್ರತಿ ಚದರ ಡೆಸಿಮೀಟರಿಗೆ 10 ಮಿಲಿಗ್ರಾಂ ದಾಟಬಾರದು. ಅದನ್ನು ಅಳೆಯುವ ವಿಧಾನ ಐಎಸ್ 9845ರಲ್ಲಿದೆ. ಆನ್‌ಲೈನಿನಲ್ಲಿ ಕೊಂಡ ಸೆನ್ಸರ್ ಮಾಡ್ಯೂಲ್ ಈ ಪರೀಕ್ಷೆಯ ಹತ್ತಿರವೂ ಸುಳಿದಿರುವುದಿಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು? ಆಹಾರಕ್ಕೆಂದೇ ಮಾಡಿದ ಒಂದು ಒಳ್ಳೆಯ ಬಾಟಲಿಯನ್ನು ಕೊಳ್ಳಿ, ಅದಕ್ಕೆ ಒಂದು ತೂತನ್ನೂ ಕೊರೆಯಬೇಡಿ, ಹೊರಗಿನಿಂದ ಅಳೆಯಿರಿ. ನೀರಿಗೆ ತಾಗದ ಸೆನ್ಸರಿಗೆ ನೀರನ್ನು ಕೆಡಿಸುವ ದಾರಿಯೇ ಇರುವುದಿಲ್ಲ. ಅದಕ್ಕೆ ಮೂರು ನಾಲ್ಕು ಬಗೆಗಳಿವೆ.

ಮೊದಲನೆಯದು ಕೆಪ್ಯಾಸಿಟಿವ್ ಸೆನ್ಸರ್. ವಿದ್ಯುದಾವೇಶ ಹಿಡಿದಿಡಲು ಒಂದು ವಸ್ತು ಎಷ್ಟು ನೆರವಾಗುತ್ತದೆ ಎಂಬ ಅಳತೆಗೆ ಸಾಪೇಕ್ಷ ಪರ್ಮಿಟಿವಿಟಿ ಎನ್ನುತ್ತಾರೆ. ನೀರಿನದು ಸುಮಾರು 80, ಗಾಳಿಯದು 1, ಪ್ಲಾಸ್ಟಿಕ್ಕಿನದು ಎರಡು ಮೂರರ ಆಸುಪಾಸು. ಇಷ್ಟು ದೊಡ್ಡ ವ್ಯತ್ಯಾಸ ಇರುವುದರಿಂದ ಬಾಟಲಿಯ ಹೊರಮೈಗೆ ಎರಡು ತಾಮ್ರದ ಪಟ್ಟಿ ಅಂಟಿಸಿದರೆ ಒಳಗಿನ ನೀರಿನ ಮಟ್ಟ ತಿಳಿಯುತ್ತದೆ. ಕಷ್ಟವೆಂದರೆ ನಮ್ಮ ಕೈಯಲ್ಲೂ ನೀರೇ ತುಂಬಿದೆ. ಬಾಟಲಿ ಹಿಡಿದ ಕೂಡಲೇ ಅಳತೆ ಜಿಗಿಯುತ್ತದೆ. ಅದಕ್ಕಾಗಿ ಪಟ್ಟಿಗಳ ಹಿಂದೆ ಕೈಯ ಪ್ರಭಾವ ತಡೆಯುವ ಶೀಲ್ಡ್ ಪದರ ಬೇಕು; ಎಫ್‌ಡಿಸಿ1004ರಂಥ ಚಿಪ್ಪುಗಳಲ್ಲಿ ಶೀಲ್ಡನ್ನು ನಡೆಸುವ ಏರ್ಪಾಡು ಇದೆ. ಬಿಸಿನೀರಿನ ಪರ್ಮಿಟಿವಿಟಿ ಕಡಿಮೆ, 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 61, ಆದ್ದರಿಂದ ಉಷ್ಣತೆಯ ತಿದ್ದುಪಡಿಯೂ ಬೇಕು. ಗಾಜು ಮತ್ತು ಪ್ಲಾಸ್ಟಿಕ್ ಬಾಟಲಿಗೆ ಇದು ಚೆನ್ನಾಗಿ ಒದಗುತ್ತದೆ.

ಮುಚ್ಚಳದಿಂದ ಕೆಳಗೆ ನೋಡುವ ಸೆನ್ಸರುಗಳೂ ಇವೆ. ಶ್ರವಣಾತೀತ ಧ್ವನಿಯದನ್ನು ನಾನು ಬೇಡವೆನ್ನುತ್ತೇನೆ. ನೀರು ನಿರೋಧಕವೆಂದು ಮಾರುವ ಜೆಎಸ್‌ಎನ್-ಎಸ್‌ಆರ್04ಟಿಗೆ ಹತ್ತಿರದ ಸುಮಾರು 20 ಸೆಂಟಿಮೀಟರ್ ಕಾಣುವುದೇ ಇಲ್ಲ. ಅಷ್ಟರಲ್ಲಿ ಬಾಟಲಿಯೇ ಮುಗಿದಿರುತ್ತದೆ. ಬೆಳಕು ಹೋಗಿ ಹಿಂತಿರುಗುವ ಸಮಯದಿಂದ ದೂರ ಅಳೆಯುವ ವಿಎಲ್53ಎಲ್0ಎಕ್ಸ್ ಇದಕ್ಕಿಂತ ವಾಸಿ. 940 ನ್ಯಾನೊಮೀಟರಿನ, ಕಣ್ಣಿಗೆ ಹಾನಿಯಿಲ್ಲದ ಒಂದನೇ ವರ್ಗದ ಲೇಸರ್ ಅದರಲ್ಲಿದೆ. ಗಾಜಿನ ಕಿಟಕಿಯ ಹಿಂದೆ ಅದನ್ನು ಕೂರಿಸಬಹುದು. ಆದರೆ ಬಿಸಿನೀರು ಹಾಕಿದಾಗ ಗಾಜಿಗೆ ಹಬೆ ಹಿಡಿಯುತ್ತದೆ, ಕಿರಿದಾದ ಬಾಟಲಿಯ ಗೋಡೆಯಿಂದಲೂ ಬೆಳಕು ಹಿಂತಿರುಗುತ್ತದೆ, ನೀರಿನ ಮೇಲ್ಮೈ ಓರೆಯಾದರೆ ಅಳತೆ ಕೆಡುತ್ತದೆ. ಜೊತೆಗೆ ಕಿಟಕಿಯ ಸುತ್ತಲಿನ ರಬ್ಬರ್ ಉಂಗುರ ನೀರಿಗೆ ತಾಗುವುದರಿಂದ ಅದು ಆಹಾರ ದರ್ಜೆಯ ಸಿಲಿಕೋನ್ ಆಗಿರಲೇಬೇಕು.

ನನ್ನ ಒಲವು ಬಾಟಲಿಯ ತಳಕ್ಕೆ ಹಾಕುವ, ಕಳಚಬಹುದಾದ ಬಟ್ಟಲಿನಲ್ಲಿ ಕೂರಿಸುವ, ತೂಕ ಅಳೆಯುವ ಲೋಡ್‌ಸೆಲ್ ಕಡೆಗೆ. ಒಂದು ಮಿಲಿಲೀಟರ್ ನೀರಿನ ತೂಕ ಒಂದು ಗ್ರಾಂ. ಮಟ್ಟ, ಆಕಾರ, ಹಬೆ ಯಾವುದರ ಗೊಡವೆಯೂ ಇಲ್ಲ. ಲೋಡ್‌ಸೆಲ್ ಎಂದರೆ ಒಂದು ಅಲ್ಯೂಮಿನಿಯಂ ತೊಲೆ. ಅದಕ್ಕೆ ಅಂಟಿಸಿದ ಸಣ್ಣ ರೋಧಕಗಳು ತೊಲೆ ಬಾಗಿದಾಗ ಕೂದಲೆಳೆಯಷ್ಟು ಹಿಗ್ಗುತ್ತವೆ, ಕುಗ್ಗುತ್ತವೆ. ಎರಡು ಕಿಲೋ ಸಾಮರ್ಥ್ಯದ, ಪೂರ್ತಿ ಭಾರ ಹೇರಿದಾಗ ಕೊಟ್ಟ ಪ್ರತಿ ವೋಲ್ಟಿಗೆ 1 ಮಿಲಿವೋಲ್ಟ್ ಹೊರಕೊಡುವ ಲೋಡ್‌ಸೆಲ್ಲಿಗೆ 3.3 ವೋಲ್ಟ್ ಕೊಟ್ಟರೆ ಒಂದು ಗ್ರಾಂ ನೀರಿಗೆ ಸಿಗುವುದು ಸುಮಾರು 1.6 ಮೈಕ್ರೊವೋಲ್ಟ್ ಮಾತ್ರ. ಅಷ್ಟು ಸಣ್ಣ ಸಂಕೇತವನ್ನು ಓದಲೆಂದೇ 24 ಬಿಟ್‌ನ ಎಚ್‌ಎಕ್ಸ್711 ಚಿಪ್ ಇದೆ, ಸೆಕೆಂಡಿಗೆ ಹತ್ತು ಸಲ ಓದುತ್ತದೆ. ಅಲುಗಾಟ ಮತ್ತು ಓರೆ ತಿಳಿಸುವ ಒಂದು ಅಕ್ಸೆಲೆರೊಮೀಟರ್ ಜೊತೆಗಿಟ್ಟು, ಬಾಟಲಿ ನೆಟ್ಟಗೆ ನಿಂತು ಎರಡು ಸೆಕೆಂಡು ಅಲುಗಾಡದಿದ್ದಾಗ ಮಾತ್ರ ತೂಕ ಓದುವಂತೆ ಮಾಡಿ. ಕಳೆದ ಸಲಕ್ಕಿಂತ ಕಡಿಮೆಯಾದರೆ ಕುಡಿದದ್ದು, ಹೆಚ್ಚಾದರೆ ತುಂಬಿಸಿದ್ದು. ಚೀಲದಲ್ಲಿ ಅಡ್ಡಡ್ಡ ಮಲಗಿರುವಾಗ ಅದು ಅಳೆಯಲಾರದು ನಿಜ, ಆದರೆ ಮುಂದಿನ ಸಲ ಮೇಜಿನ ಮೇಲಿಟ್ಟಾಗ ಲೆಕ್ಕ ಸರಿಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತಳದ ಆ ಬಟ್ಟಲನ್ನು ಕಳಚಿಟ್ಟು ಬಾಟಲಿಯನ್ನು ಬಿಸಿನೀರು, ಸೋಪು, ಬ್ರಷ್ ಹಾಕಿ ಉಜ್ಜಿ ತೊಳೆಯಬಹುದು. ದಿನಾ ತೊಳೆಯಲಾಗದ ಬಾಟಲಿ ಎಷ್ಟೇ ಜಾಣವಾಗಿದ್ದರೂ ಅದು ಸುರಕ್ಷಿತವಲ್ಲ.

ಬ್ಯಾಟರಿಯೂ ಆ ತಳದಲ್ಲೇ ಇರುತ್ತದೆ. ಭಾರತದಲ್ಲಿ ಮಾರುವ, ಮತ್ತೆ ಚಾರ್ಜ್ ಮಾಡಬಹುದಾದ ಲಿಥಿಯಂ ಸೆಲ್ಲುಗಳಿಗೆ ಸುರಕ್ಷತಾ ಮಾನಕ ಐಎಸ್ 16046ರ ನೋಂದಣಿ ಕಡ್ಡಾಯ. ಆ ಗುರುತಿಲ್ಲದ್ದನ್ನು ಕೊಳ್ಳಬೇಡಿ. ನಾಣ್ಯದಾಕಾರದ ಸೆಲ್ ಬಳಸುವುದಾದರೆ ಅದರ ಮುಚ್ಚಳಕ್ಕೆ ಸ್ಕ್ರೂ ಹಾಕಿ. ಮಕ್ಕಳು ಅದನ್ನು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು.

ಇನ್ನೊಂದು ಮಾತು, ಟಿಡಿಎಸ್ ಬಗ್ಗೆ, ಅಂದರೆ ಒಂದು ಲೀಟರ್ ನೀರಿನಲ್ಲಿ ಕರಗಿರುವ ಒಟ್ಟು ಘನವಸ್ತುಗಳ ಪ್ರಮಾಣದ ಬಗ್ಗೆ. ಬಾಟಲಿಯಲ್ಲಿ ಟಿಡಿಎಸ್ ಸೆನ್ಸರ್ ಇಟ್ಟು, 500ರ ಒಳಗಿದ್ದರೆ ಹಸಿರು ದೀಪ, ಮೇಲಿದ್ದರೆ ಕೆಂಪು ದೀಪ ಹಾಕುವ ಯೋಚನೆ ಹಲವರಿಗಿದೆ. 500 ಮಿಲಿಗ್ರಾಂ ಎಂಬುದು ಐಎಸ್ 10500ರ ಅಪೇಕ್ಷಿತ ಮಿತಿ, ಸರಿಯೇ. ಆದರೆ ಆ ಸೆನ್ಸರ್ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಅದನ್ನು 0.5ರಿಂದ 0.7ರ ನಡುವಿನ ಒಂದು ಸಂಖ್ಯೆಯಿಂದ ಗುಣಿಸಿ ಟಿಡಿಎಸ್ ಎಂದು ತೋರಿಸುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ತೊಂದರೆ ಇರುವುದು ನಿಮಗೆ ಗೊತ್ತು. ಫ್ಲೋರೈಡಿನ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅದರ ಎರಡು ಪಟ್ಟು ಇದ್ದರೂ, 400 ತೋರಿಸುವ ಮೀಟರಿನಲ್ಲಿ ಅದರಿಂದ ಆಗುವ ಬದಲಾವಣೆ ಮೂರ್ನಾಲ್ಕು ಅಂಕೆ. ಮೀಟರಿನ ದೋಷದ ಅಂಚೇ ಅದಕ್ಕಿಂತ ದೊಡ್ಡದು. ಬ್ಯಾಕ್ಟೀರಿಯಾ, ಕೀಟನಾಶಕ ಅದಕ್ಕೆ ತಿಳಿಯುವುದೇ ಇಲ್ಲ. ಹಲ್ಲು ಕಂದುಗಟ್ಟಿಸುವ ನೀರಿನ ಮುಂದೆ ಹಸಿರು ದೀಪ ಉರಿಸುವ ಬಾಟಲಿಯನ್ನು ನಾವು ಯಾರ ಕೈಗೂ ಕೊಡಬಾರದು. ನೀರಿನ ಗುಣ ತಿಳಿಯಬೇಕಾದರೆ ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಡಿ. ಬಾಟಲಿ ಎಷ್ಟು ಕುಡಿದೆವು ಎಂಬುದನ್ನು ಹೇಳಲಿ, ಅಷ್ಟು ಸಾಕು.

ಉಪನ್ಯಾಸದ ನಂತರ ಕೇಳಿದ ಪ್ರಶ್ನೆಗಳಲ್ಲಿ ಮೂರು ಇಲ್ಲಿವೆ.

ಒಬ್ಬ ವಿದ್ಯಾರ್ಥಿನಿ, “ಸರ್, ನಮ್ಮದು ಎರಡು ಪದರದ ಸ್ಟೀಲ್ ಬಾಟಲಿ. ಅದಕ್ಕೆ ಕೆಪ್ಯಾಸಿಟಿವ್ ಸೆನ್ಸರ್ ಹಾಕಬಹುದೇ?” ಎಂದು ಕೇಳಿದಳು. ಆಗುವುದಿಲ್ಲ. ಸ್ಟೀಲ್ ವಿದ್ಯುತ್ ಕ್ಷೇತ್ರವನ್ನು ತಡೆಯುತ್ತದೆ. ಎರಡು ಪದರಗಳ ನಡುವೆ ನಿರ್ವಾತ ಇರುವುದರಿಂದ ಹೊರಗಿನಿಂದ ಧ್ವನಿಯೂ ದಾಟುವುದಿಲ್ಲ, ಬಿಸಿಯೂ ತಿಳಿಯುವುದಿಲ್ಲ. ಸ್ಟೀಲ್ ಬಾಟಲಿಗೆ ತಳದ ಲೋಡ್‌ಸೆಲ್ಲೇ ಸರಿ.

“ಹೃದಯದ ತೊಂದರೆ ಇರುವ ನಮ್ಮ ಅಜ್ಜನಿಗೆ ಇಂಥ ಬಾಟಲಿ ಮಾಡಿಕೊಡಬಹುದೇ?” ಎಂದು ಇನ್ನೊಬ್ಬರು ಕೇಳಿದರು. ಇದು ನನಗೆ ಬಹಳ ಮುಖ್ಯವೆನಿಸಿದ ಪ್ರಶ್ನೆ. ಹೃದಯ ವೈಫಲ್ಯ ಇರುವ ಕೆಲವರಿಗೆ, ಡಯಾಲಿಸಿಸ್‌ನಲ್ಲಿರುವ ಹಲವರಿಗೆ ವೈದ್ಯರು ದಿನಕ್ಕೆ ಇಷ್ಟೇ ನೀರು ಎಂದು ಮಿತಿ ಹಾಕಿರುತ್ತಾರೆ. ಅಂಥವರಿಗೆ ‘ಇನ್ನೂ ಕುಡಿಯಿರಿ’ ಎಂದು ಪೀಡಿಸುವ ಬಾಟಲಿ ಅಪಾಯ. ಗುರಿಯನ್ನು ಪ್ರೋಗ್ರಾಮಿನಲ್ಲಿ ಎರಡು ಲೀಟರ್ ಎಂದು ಕೂರಿಸಿಬಿಡಬೇಡಿ. ಮೇಲಿನ ಮಿತಿಯನ್ನೂ ಬರೆದುಕೊಳ್ಳಲು ಜಾಗ ಕೊಡಿ, ಆ ಮಿತಿ ಹತ್ತಿರವಾದಾಗ ಎಚ್ಚರಿಸುವಂತೆ ಮಾಡಿ. ಅಂಕೆಯನ್ನು ವೈದ್ಯರೇ ಹೇಳಲಿ.

ಕೊನೆಯದಾಗಿ, ನೀರಿಗೆ ತಾಗುವ ಒಂದು ಭಾಗವನ್ನು ಬಿಟ್ಟು ಮಾಡಲು ಸಾಧ್ಯವೇ ಇಲ್ಲದಿದ್ದರೆ ಏನು ಮಾಡಬೇಕು ಎಂದು ಒಬ್ಬ ಅಧ್ಯಾಪಕರು ಕೇಳಿದರು. ಆಗ ಆ ಭಾಗವನ್ನು 316 ದರ್ಜೆಯ ಸ್ಟೀಲ್, ಗಾಜು ಅಥವಾ ಆಹಾರ ದರ್ಜೆಯ ಸಿಲಿಕೋನಿನಿಂದ ಮಾತ್ರ ಮಾಡಿ. ಅದು ಆಹಾರಕ್ಕೆ ತಾಗುವ ವಸ್ತುಗಳ ನಿಯಮಕ್ಕೆ ಒಪ್ಪುತ್ತದೆ ಎಂಬ ಲಿಖಿತ ಅನುಸರಣಾ ಪತ್ರವನ್ನು ಮಾರಾಟಗಾರರಿಂದ ಕೇಳಿ, ಕೊಡದಿದ್ದರೆ ಕೊಳ್ಳಬೇಡಿ. ಜನರ ಕೈಗೆ ಕೊಡುವ ಮೊದಲು ಪೂರ್ತಿ ಜೋಡಿಸಿದ ಬಾಟಲಿಯನ್ನೇ ಪರೀಕ್ಷೆಗೆ ಕಳುಹಿಸಿ, ಬಿಡಿಭಾಗಗಳನ್ನಲ್ಲ; ಅಂಟು, ಬೆಸುಗೆ, ರಬ್ಬರ್ ಎಲ್ಲವೂ ಸೇರಿದಾಗಲೇ ನಿಜ ಸ್ಥಿತಿ ತಿಳಿಯುವುದು. ಆಹಾರಕ್ಕೆ ತಾಗುವ ವಸ್ತುಗಳನ್ನು ಬಲ್ಲ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ ನಮ್ಮ ರಾಜ್ಯದಲ್ಲೇ ಇದೆ, ಪ್ರಯೋಗಾಲಯಗಳನ್ನು ಮಾನ್ಯ ಮಾಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆಯಿರುವ ಖಾಸಗಿ ಪ್ರಯೋಗಾಲಯಗಳೂ ಇವೆ. ಪ್ಲಾಸ್ಟಿಕ್ಕಿನಿಂದ ಎಷ್ಟು ವಸ್ತು ಹೊರಬರುತ್ತದೆ ಎಂದು ನೋಡುವ ವಲಸೆ ಪರೀಕ್ಷೆಯ ಜೊತೆಗೆ ಸೀಸ, ಕ್ಯಾಡ್ಮಿಯಂ, ನಿಕ್ಕಲ್ ಮತ್ತು ತಾಮ್ರವನ್ನೂ ನೋಡಿ ಎಂದು ಅರ್ಜಿಯಲ್ಲಿ ಬರೆಯಿರಿ, ಹುಳಿ ದ್ರಾವಣದಲ್ಲಿ ನೆನೆಹಾಕಿ ನೋಡಿ ಎಂದೂ ಬರೆಯಿರಿ. ಅದರ ಶುಲ್ಕವನ್ನು ಪ್ರಾಜೆಕ್ಟಿನ ಖರ್ಚಿನ ಪಟ್ಟಿಯಲ್ಲಿ ಮೊದಲ ದಿನವೇ ಸೇರಿಸಿಕೊಳ್ಳಿ.